ಒಂದು ದಿನದ ತಡ

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಹೆಂಗಸು, ತನ್ನ ಮೊಕದ್ದಮೆ ಕಳುವಾಗಿದೆ ಎಂದು ದೂರು ಹೇಳಿದಳು. ಸರ, ಸೈಕಲ್ಲು, ನೀರೆತ್ತುವ ಪಂಪು ಕಳೆದುಕೊಂಡವರ ದೂರು ಬರೆದು ಕೈ ಪಳಗಿದ್ದ ದಫೇದಾರರು ಬರೆಯಲೋ ಬೇಡವೋ ಎಂದು ಇನ್ಸ್‌ಪೆಕ್ಟರ್ ಮುಖ ನೋಡಿದರು. ಇನ್ಸ್‌ಪೆಕ್ಟರ್ ನಗಲಿಲ್ಲ. ಆಕೆಗೆ ಕುರ್ಚಿ ಕೊಡಿಸಿ, ಮೊದಲಿನಿಂದ ಹೇಳಿ ಎಂದರು.

ಆಕೆಗೆ ಒಬ್ಬಳೇ ಮಗಳು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದವಳು ಐದು ವರ್ಷದ ಹಿಂದೆ ಬಟ್ಟೆಯ ಮೂಟೆ ಹೊತ್ತು ಮೂರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಎಳೆದಳು. ಬಾಗಿಲು ತೆರೆಯಿತು, ಒಳಗೆ ಲಿಫ್ಟು ಇರಲಿಲ್ಲ. ಲಿಫ್ಟು ಬಾರದೆ ತೆರೆಯಲೇಬಾರದಾಗಿದ್ದ ಬಾಗಿಲು ಅದು. ಅದರ ಚಿಲಕ ಕೆಟ್ಟು ತಿಂಗಳಾಗಿತ್ತಂತೆ. ಹುಡುಗಿ ನೋಡದೆ ಕಾಲಿಟ್ಟಳು ಎಂದು ಹೇಳಿ ಮಾಲೀಕ ಕೈ ತೊಳೆದುಕೊಂಡ.

"ಬರ್ತಾ ಬರ್ತಾ ನೆಂಟರೂ ಹಾಗೇ ಅನ್ನೋಕೆ ಶುರು ಮಾಡಿದ್ರು ಸಾರ್," ಎಂದಳು ತಾಯಿ. "ನನ್ನ ಮಗಳು ಕಣ್ಣು ಬಿಟ್ಕೊಂಡು ನಡೆಯೋಳು. ತಪ್ಪು ಅವಳದ್ದಲ್ಲ ಅಂತ ಒಬ್ಬ ಜಡ್ಜ್ ಬಾಯಲ್ಲಿ ಬರಬೇಕು. ಅದೊಂದು ಕೇಳಿಸ್ಕೊಂಡು ಕಣ್ಣು ಮುಚ್ತೀನಿ."

ಅದಕ್ಕಾಗಿ ಆಕೆ ಹಿಡಿದದ್ದು ಒಬ್ಬ ವಕೀಲಮ್ಮನನ್ನು. ಇನ್ನೊಬ್ಬರ ತಪ್ಪಿನಿಂದ ಸತ್ತವರ ಮನೆಯವರ ಪರವಾಗಿ ಪರಿಹಾರದ ದಾವೆ ನಡೆಸುವುದರಲ್ಲಿ ಅವರದು ದೊಡ್ಡ ಹೆಸರು. ಅವರ ಕಚೇರಿಯ ಗುಮಾಸ್ತ ಮೂರು ವರ್ಷದಿಂದ ತಾರೀಕು ತಾರೀಕಿಗೂ ಈಕೆಯನ್ನು ಕೋರ್ಟಿಗೆ ಕರೆಸಿ, ಹೊರಗಿನ ಬೆಂಚಿನಲ್ಲಿ ಕೂರಿಸಿ, ತಾನೊಬ್ಬನೇ ಒಳಗೆ ಹೋಗಿ ಬಂದು, ಆ ಕಡೆಯವರು ಬಂದಿಲ್ಲ, ಮುಂದಕ್ಕೆ ಹಾಕಿದ್ದಾರೆ ಎನ್ನುತ್ತಿದ್ದ. ಹಿಂದಿನ ದಿನ ಅವನಿಗೆ ಜ್ವರ. ತಾಯಿ ತಾನೇ ಧೈರ್ಯ ಮಾಡಿ ವಿಚಾರಣೆ ಕಿಟಕಿಯಲ್ಲಿ ಮೊಕದ್ದಮೆಯ ಸಂಖ್ಯೆ ಹೇಳಿದಳು. ಆ ಸಂಖ್ಯೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಕಿತ್ತಾಡುತ್ತಿದ್ದರು. ಮಗಳ ಹೆಸರಿನಲ್ಲಿ ಯಾವ ಮೊಕದ್ದಮೆಯೂ ಇರಲಿಲ್ಲ.

"ಯಾರ ಮೇಲೆ ಅನುಮಾನ?"

"ಮಾಲೀಕನ ಮೇಲೆ. ಇನ್ಯಾರು ತೆಗೆಸ್ತಾರೆ?"

"ಗುಮಾಸ್ತ?"

"ಛೆ. ನನ್ನ ಪಕ್ಕ ಕೂತು ಮಗಳ ಮಾತು ಕೇಳೋನು ಈಗ ಅವನೊಬ್ಬನೇ."

ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ದಫೇದಾರರು ಅಪರಿಚಿತ ಎಂದು ಬರೆದರು. ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿ ಮಾತ್ರ ಮಾಲೀಕನ ಹೆಸರನ್ನು ಆಗಲೇ ಬರೆದಾಗಿತ್ತು. ದುಡ್ಡಿದ್ದವನು ದಾಖಲೆ ಮಾಯ ಮಾಡಿಸುವುದು ಅವರು ಕಾಣದ ಸಂಗತಿಯೇನಲ್ಲ, ಅಂಥವನಿಗೆ ಬೇಡಿ ಹಾಕುವ ಆಸೆಯೂ ಇತ್ತು.

ಮಧ್ಯಾಹ್ನ ಕಾರ್ಖಾನೆಗೆ ಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾನೆಂದು ಕಾದರೆ, ಈ ಮಾಲೀಕ ಹೆಗಲು ಮುಟ್ಟಿಕೊಳ್ಳಲೇ ಇಲ್ಲ. ಯಾವ ಮೊಕದ್ದಮೆ ಎಂದು ಅವನೇ ಕೇಳಿದ. ತನಗೆ ಒಂದು ನೋಟಿಸೂ ಬಂದಿಲ್ಲ, ಆಕೆ ಸುಮ್ಮನಾದಳೆಂದು ತಾನೂ ಸುಮ್ಮನಾದೆ ಎಂದ. ಹೊರಡುವಾಗ ಇನ್ಸ್‌ಪೆಕ್ಟರ್ ಮೂರನೆಯ ಮಹಡಿಗೆ ಹತ್ತಿ ಲಿಫ್ಟಿನ ಬಾಗಿಲನ್ನು ತಾವೇ ಎಳೆದು ನೋಡಿದರು. ಅದು ಜಪ್ಪಯ್ಯ ಎಂದರೂ ಅಲುಗಾಡಲಿಲ್ಲ, ಚಿಲಕ ಹೊಸದು. ಒಂದು ಜೀವ ಹೋದ ಮೇಲೆ ಹಾಕಿಸಿದ ಚಿಲಕ ಎಂದು ಅವರಿಗೆ ಹೊಟ್ಟೆ ಉರಿಯಿತು. ಆದರೆ ಆ ಉರಿಗೂ ಈ ಕಳವಿಗೂ ಸಂಬಂಧವಿರಲಿಲ್ಲ.

ಕೋರ್ಟಿನ ದಾಖಲೆ ವಿಭಾಗದ ಅಧಿಕಾರಿ ಎರಡು ದಿನ ಹುಡುಕಿಸಿ ಬರಹದಲ್ಲಿ ಉತ್ತರ ಕೊಟ್ಟರು. ಅಂಥ ಅರ್ಜಿ ಮಾಯವಾಗಿಲ್ಲ; ಅದು ಅಲ್ಲಿಗೆ ಬಂದೇ ಇಲ್ಲ.

ವಕೀಲಮ್ಮ ಆ ಪತ್ರ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅರ್ಜಿಯನ್ನು ತಾನೇ ಬರೆದು, ತಾಯಿಯ ಸಹಿ ಹಾಕಿಸಿ, ದಾಖಲು ಮಾಡಲು ಗುಮಾಸ್ತನ ಕೈಗೆ ಕೊಟ್ಟೆ ಎಂದರು. ಆಮೇಲೆ ಕೇಳಿದಾಗಲೆಲ್ಲ ನೋಟಿಸ್ ಹಂತದಲ್ಲಿದೆ ಎನ್ನುತ್ತಿದ್ದ. ಕೋರ್ಟಿನಲ್ಲಿ ಮೊಕದ್ದಮೆ ನಿಂತಲ್ಲೇ ನಿಂತಿದೆ ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಓಡುತ್ತಿದೆ ಎಂದರೆ ಬರುತ್ತದೆ.

"ನೀವು ಒಂದು ಸಲನೂ ಫೈಲ್ ತೆಗೆದು ನೋಡಲಿಲ್ವಾ ಮೇಡಂ?"

"ಇಲ್ಲ," ಎಂದರು ವಕೀಲಮ್ಮ. "ಇಪ್ಪತ್ತು ವರ್ಷದಲ್ಲಿ ಒಂದು ದಿನ ತಡ ಮಾಡಿದವನಲ್ಲ ಅವನು. ಕೋರ್ಟಲ್ಲೆಲ್ಲ ಅವನಿಗೆ ಗಡಿಯಾರ ಅಂತಾನೇ ಹೆಸರು."

ಗಡಿಯಾರ ಒಂದು ಓಣಿಯ ಕೊನೆಯ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿದ್ದ. ಒಂದು ಮಂಚ, ಒಂದು ಒಲೆ, ಇಸ್ತ್ರಿ ಮಾಡಿದ ಎರಡು ಬಿಳಿ ಅಂಗಿ. ಜ್ವರ ಬಿಟ್ಟಿದ್ದರೂ ಎದ್ದು ನಿಲ್ಲುವಾಗ ಗೋಡೆ ಹಿಡಿದುಕೊಂಡ. ಪೊಲೀಸರನ್ನು ಕಂಡು ಗಾಬರಿಯಾದಂತೆ ಕಾಣಲಿಲ್ಲ, ಎಷ್ಟೋ ದಿನದಿಂದ ಕಾಯುತ್ತಿದ್ದ ನೆಂಟರು ಬಂದಂತೆ ಬಾಗಿಲು ಪೂರ್ತಿ ತೆರೆದ.

"ಅರ್ಜಿ ಎಲ್ಲಿ?"

"ಮಂಚದ ಕೆಳಗಿನ ಪೆಟ್ಟಿಗೇಲಿ."

"ದಾಖಲು ಮಾಡಿದ್ಯಾ?"

"ಇಲ್ಲ ಸಾರ್."

"ಮಾಲೀಕ ಎಷ್ಟು ಕೊಟ್ಟ?"

"ಅವರ ಮುಖಾನೂ ನೋಡಿಲ್ಲ."

"ಮತ್ಯಾಕೆ?"

"ಒಂದು ದಿನ ತಡ ಆಯ್ತು."

ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆಸಿ, ಕಟ್ಟು ಬಿಚ್ಚದ ಅರ್ಜಿಯನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡರು. ದಫೇದಾರರು ಬರೆಯುತ್ತಿದ್ದಾಗ ಅವನು ಒಂದೊಂದಾಗಿ ಹೇಳುತ್ತ ಹೋದ. ದಾವೆ ಹೂಡಲು ಕಾನೂನು ಕೊಟ್ಟಿದ್ದ ಎರಡು ವರ್ಷದ ಗಡುವು ಒಂದು ಶನಿವಾರ ಮುಗಿಯುತ್ತಿತ್ತು. ಅದು ಕೋರ್ಟಿಗೆ ರಜೆಯ ಶನಿವಾರ. ಕೊನೆಯ ದಿನ ರಜೆಯಾದರೆ ಮುಂದಿನ ಕೆಲಸದ ದಿನ ಕೊಡಬಹುದು, ಅದು ಅವನಿಗೆ ನೀರು ಕುಡಿದಷ್ಟು ಸಲೀಸಾದ ಲೆಕ್ಕ. ಆದರೆ ಹಿಂದಿನ ತಿಂಗಳು ಮುಷ್ಕರದಿಂದ ಕೋರ್ಟು ಮುಚ್ಚಿದ್ದಕ್ಕೆ ಬದಲಾಗಿ ಆ ಶನಿವಾರವನ್ನು ಕೆಲಸದ ದಿನವೆಂದು ಸಾರಿದ್ದರು. ಆಗ ಅವನು ತಮ್ಮನ ಉತ್ತರಕ್ರಿಯೆಗೆ ಊರಿಗೆ ಹೋಗಿದ್ದ, ಆ ಸುದ್ದಿ ಅವನಿಗೆ ಮುಟ್ಟಲಿಲ್ಲ. ಸೋಮವಾರ ಅರ್ಜಿ ಹಿಡಿದು ಹೋದರೆ ಕಿಟಕಿಯವನು, ಭಾನುವಾರ ಬಿಟ್ಟರೂ ಒಂದು ದಿನ ತಡ, ಗಡುವು ಮುಗಿಯಿತು ಎಂದು ವಾಪಸು ಕೊಟ್ಟ.

ತಿರುಗಿ ನೋಡಿದರೆ ಬೆಂಚಿನ ಮೇಲೆ ಆ ತಾಯಿ. ಕೈ ಮುಗಿದು, ನೀನಿದ್ದೀಯಲ್ಲಪ್ಪ, ಇನ್ನು ನನಗೆ ನಿದ್ದೆ ಬರುತ್ತೆ ಎಂದಳಂತೆ. ದಾಖಲಾಯಿತಮ್ಮಾ ಎಂದುಬಿಟ್ಟ. ಆ ದಿನಕ್ಕೆ ಒಂದು ಸುಳ್ಳು ಹೇಳಿದ, ಅದನ್ನು ಮುಚ್ಚಲು ಮುಂದಿನ ತಾರೀಕಿಗೆ ಇನ್ನೊಂದು. ಸಂಖ್ಯೆ ಕೇಳಿದಾಗ ಕೈಗೆ ಸಿಕ್ಕ ಯಾವುದೋ ಮೊಕದ್ದಮೆಯದನ್ನು ಕೋರ್ಟಿನ ರಸೀದಿಯಂತೆ ಬರೆದು, ಮೊಹರು ಒತ್ತಿ ಕೊಟ್ಟ.

ಇದೆಲ್ಲ ಕೇಳಿದ ವಕೀಲಮ್ಮನಿಗೆ ಅಳಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಅಂದೇ ಬಂದು ಹೇಳಿದ್ದರೆ ಒಂದು ಹಾಳೆಯ ಕ್ಷಮಾಪಣೆ ಅರ್ಜಿಯಲ್ಲಿ ಮುಗಿಯುತ್ತಿತ್ತು, ಒಂದು ದಿನದ ತಡವನ್ನು ಯಾವ ನ್ಯಾಯಾಧೀಶರೂ ಮನ್ನಿಸುತ್ತಿದ್ದರು ಎಂದರು. "ಉಗುರಲ್ಲಿ ಹೋಗೋದಕ್ಕೆ ಈಗ ಕೊಡಲಿ ಬೇಕಾಗಿದೆ ಸಾರ್. ಮೂರು ವರ್ಷದ ತಡಕ್ಕೆ ಒಂದೇ ದಾರಿ. ಆ ತಾಯಿಗೆ ಮೋಸ ಆಗಿದೆ ಅಂತ ನಿಮ್ಮ ದಾಖಲೆ ಹೇಳಬೇಕು. ನನ್ನ ಅಜಾಗರೂಕತೇನೂ ಸೇರಿಸಿ ಬರೀರಿ."

ಸಂಜೆ ಐದಕ್ಕೆ ತಾಯಿ ಠಾಣೆಗೆ ಬಂದಳು. ಗುಮಾಸ್ತ ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ನಡೆದದ್ದನ್ನೆಲ್ಲ ಇನ್ಸ್‌ಪೆಕ್ಟರ್ ಹೇಳಿ ಮುಗಿಸುವವರೆಗೂ ಆಕೆ ಅವನನ್ನೇ ನೋಡುತ್ತಿದ್ದಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿ, ದೂರು ವಾಪಸ್ ತಗೊಳ್ಳುತ್ತೇನೆ, ಇವನನ್ನು ಬಿಟ್ಟುಬಿಡಿ ಎಂದಳು.

ಇಂಥ ಅಪರಾಧದಲ್ಲಿ ದೂರು ವಾಪಸು ಪಡೆಯುವುದು ಅಂಗಡಿಯಲ್ಲಿ ಸೀರೆ ವಾಪಸು ಕೊಟ್ಟಂತಲ್ಲ ಎಂದು ಇನ್ಸ್‌ಪೆಕ್ಟರ್ ತಿಳಿಸಿ ಹೇಳಿದರು. ಆದರೂ ಮೋಸವಾಗಿಲ್ಲ ಎಂದು ಆಕೆ ಹೇಳಿಕೆ ಕೊಟ್ಟರೆ ಪ್ರಕರಣ ನಿಲ್ಲುವುದಿಲ್ಲ. ಅದು ನಿಲ್ಲದಿದ್ದರೆ ಮಗಳ ದಾವೆಗೆ ಇರುವ ಒಂದೇ ಬಾಗಿಲೂ ಮುಚ್ಚುತ್ತದೆ. ಅವರಿಗೆ ಆ ಮಾತು ಆಡುವುದೇ ಕಷ್ಟವಾಯಿತು, ಆದರೂ ಎರಡು ಸಲ ಹೇಳಿದರು.

ಗುಮಾಸ್ತ ಆಗ ಮೊದಲ ಸಲ ತಲೆ ಎತ್ತಿದ. "ಅಮ್ಮಾ, ಮೋಸ ಮಾಡ್ದ ಅಂತಾನೇ ಬರೆಸಿ. ಇವತ್ತೇ ಬರೆಸಿ. ನಾಳೆ ಅಂದ್ರೆ ಅದೂ ಒಂದು ದಿನ ತಡ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿಕೆ ಬರೆಸಿದಳು. ಮೂರು ವರ್ಷ ಸುಳ್ಳು ಹೇಳಿದ ಎಂದಳು. ನಂಬಿದೆ ಎಂದಳು. ಕೊನೆಗೆ, ಕೆಟ್ಟವನು ಅಂತ ಮಾತ್ರ ಎಲ್ಲೂ ಬರೀಬೇಡಿ ಎಂದಳು. ಇನ್ಸ್‌ಪೆಕ್ಟರ್ ತಮ್ಮ ದಿನಚರಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ, ಹಣವಲ್ಲ, ದ್ವೇಷವಲ್ಲ, ಒಳ್ಳೆಯ ಹೆಸರು ಹೋಗುವ ಭಯ ಮತ್ತು ಒಬ್ಬ ತಾಯಿಯ ಮುಖ ನೋಡಿ ನಿಜ ಹೇಳಲಾರದ ಹೇಡಿತನ ಎಂದು ಬರೆದರು.

ಆರು ಗಂಟೆಗೆ ಬಂಧನದ ಪತ್ರ ತುಂಬಿಸುತ್ತಿದ್ದ ದಫೇದಾರರು ನಿಯಮದ ಪ್ರಕಾರ ಗುಮಾಸ್ತನನ್ನು ಕೇಳಿದರು, "ನಿನ್ನ ಅರೆಸ್ಟ್ ವಿಷಯ ಯಾರಿಗೆ ತಿಳಿಸಬೇಕು?"

"ಯಾರೂ ಇಲ್ಲ ಸಾರ್."

"ನಂಗೆ ತಿಳಿಸಿದ್ರಿ ಅಂತ ಬರ್ಕೊಳ್ಳಿ," ಎಂದಳು ತಾಯಿ.

ದೂರು ಕೊಟ್ಟವಳೇ ಆ ಕಾಲಂಗೆ ಬರುವುದನ್ನು ದಫೇದಾರರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ. ಇನ್ಸ್‌ಪೆಕ್ಟರ್ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ನೋಡಿದರು. ಬೇಡ ಎನ್ನುವ ನಿಯಮ ಯಾವುದೂ ಇರಲಿಲ್ಲ. ಬರೀರಿ ಎಂದು ಕಣ್ಣಲ್ಲೇ ಹೇಳಿದರು.

"ಸಂಬಂಧ ಏನು ಅಂತ ಹಾಕ್ಲಿ ಅಮ್ಮಾ?"

ಆಕೆ ಗುಮಾಸ್ತನ ಕಡೆ ಕೈ ತೋರಿದಳು. "ನನ್ನ ಮಗಳ ಕೇಸು ನೋಡ್ಕೊಳ್ಳೋನು ಅಂತ ಹಾಕಿ."

ದಫೇದಾರರು ಹಾಗೆಯೇ ಬರೆದರು.