ಮಂತ್ರಿ ಯಾಕೆ ಹೇಳಿಬಿಟ್ಟ

"ಸ್ವಲ್ಪ ಜೋರಾಗಿ ಓದಿ ಮೇಡಂ. ಇಲ್ಲಿ ಯಾರೂ ಮಲಗಿಲ್ಲ."

ಕನ್ನಡಕದಂಗಡಿಯವನು ಆಡಿದ ಮೊದಲ ಮಾತು ಅದು. ಗೋಡೆಯ ಮೇಲಿನ ಅಕ್ಷರಗಳನ್ನು ನಾನು ಪಿಸುಗುಟ್ಟುತ್ತಿದ್ದೆ. ಅವನು ನಗು ಬಾರದಂತೆ ತುಟಿ ಕಚ್ಚಿಕೊಂಡು ನಿಂತಿದ್ದ, ಆದರೆ ಕಣ್ಣು ಆಗಲೇ ನಕ್ಕುಬಿಟ್ಟಿತ್ತು.

"ಅಭ್ಯಾಸ," ಎಂದೆ. "ಹಗಲು ಶಾಲೆಯಲ್ಲಿ ಟೀಚರ್, ಸಂಜೆ ನಾಟಕದಲ್ಲಿ ಪ್ರಾಂಪ್ಟರ್ ನಾನು. ಮಾತು ಮರೆತವರಿಗೆ ಪರದೆ ಪಕ್ಕದಿಂದ ಎತ್ತಿಕೊಡ್ಬೇಕು. ಅವರಿಗೆ ಮಾತ್ರ ಕೇಳ್ಬೇಕು, ಜನಕ್ಕೆ ಕೇಳ್ಬಾರದು."

"ನಂಗೆ ಕೇಳಿಸ್ತು," ಎಂದ.

ಮುಂದಿನ ವಾರ ಅವನು ತಾಲೀಮು ನೋಡಲು ಬಂದ. ಅದೇ ಹೊತ್ತಿಗೆ ನಮ್ಮ ಮಂತ್ರಿ ಪಾತ್ರದವರಿಗೆ ವರ್ಗವಾಗಿತ್ತು. ನಿರ್ದೇಶಕರಾದ ಮೇಷ್ಟ್ರು ಇವನ ಎತ್ತರ, ದನಿ ಎರಡನ್ನೂ ಅಳೆದು, "ಮಂತ್ರಿ ಆಗ್ತೀಯೇನಪ್ಪಾ?" ಎಂದರು. ಅವನು ನನ್ನ ಕಡೆ ತಿರುಗಿ, "ಟೀಚರ್ ಎತ್ತಿಕೊಡೋದಾದ್ರೆ ಆಗ್ತೀನಿ," ಎಂದ. ಎಲ್ಲರೂ ನಕ್ಕರು. ನಾನು ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡೆ.

ನಾಟಕ ತುಂಬಾ ಹಳೆಯದು. ರಾಣಿಯೊಬ್ಬಳು ಪ್ರೀತಿಯಿಂದ ನಂಬಿ, ಕೋಟೆಯ ಗುಟ್ಟಿನ ಬಾಗಿಲನ್ನು ಮಂತ್ರಿಗೆ ತೋರಿಸುತ್ತಾಳೆ. ಮಂತ್ರಿ ಅದನ್ನು ಶತ್ರುರಾಜನಿಗೆ ಹೇಳಿಬಿಡುತ್ತಾನೆ. ಸುದ್ದಿ ತಿಳಿದ ರಾಣಿ ಅಳುವುದಿಲ್ಲ. ಕೊನೆಗೆ ಎದುರಾದಾಗ, "ಯಾಕೆ?" ಎಂದಷ್ಟೇ ಕೇಳುತ್ತಾಳೆ. ಮಂತ್ರಿ, "ರಾಜ್ಯದ ಹಿತಕ್ಕಾಗಿ, ಮಹಾರಾಣಿ," ಎನ್ನುತ್ತಾನೆ. ಅದು ಸುಳ್ಳೆಂದು ಕೊನೇ ಸಾಲಿನಲ್ಲಿ ಕೂತವನಿಗೂ ಗೊತ್ತಾಗುತ್ತದೆ. ನಿಜವೇನೆಂದು ಬರೆದ ಪುಣ್ಯಾತ್ಮ ಎಲ್ಲೂ ಹೇಳಿಲ್ಲ.

ಅದಕ್ಕೇ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಅದನ್ನು ನಾವೆಲ್ಲ ಯಾಕೆ-ಚೀಟಿ ಎನ್ನುತ್ತಿದ್ದೆವು. ತನ್ನ ಪಾತ್ರ ಹೀಗೇಕೆ ನಡೆದುಕೊಳ್ಳುತ್ತದೆ ಎಂದು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆದು, ಪ್ರದರ್ಶನದ ದಿನ ಒಳಜೇಬಿನಲ್ಲಿಟ್ಟುಕೊಂಡು ರಂಗಕ್ಕೆ ಹೋಗಬೇಕು. "ಪುಸ್ತಕದಿಂದ ಬೇಡ, ಬದುಕಿಂದ ತನ್ನಿ," ಎನ್ನುತ್ತಿದ್ದರು.

ಬಸ್‌ಸ್ಟಾಪಿನವರೆಗೂ ನಾವಿಬ್ಬರೂ ಮಂತ್ರಿ ಯಾಕೆ ಹೇಳಿದ ಎನ್ನುವುದಕ್ಕೇ ಜಗಳವಾಡಿಕೊಂಡು ಹೋಗುತ್ತಿದ್ದೆವು.

"ಅಧಿಕಾರದ ಆಸೆ," ಎನ್ನುತ್ತಿದ್ದ ಅವನು.

"ಅವನಿಗೆ ಆಗ್ಲೇ ಅಧಿಕಾರ ಇತ್ತಲ್ಲ."

"ಹಾಗಾದ್ರೆ ಪ್ರಾಣಭಯ."

"ಯಾರೂ ಹೆದರಿಸಿಲ್ಲ. ಅವನೇ ಹೋಗಿ ಹೇಳ್ತಾನೆ. ನಾನು ಪೇಪರ್ ತಿದ್ದಿದ್ರೆ ನಿಮಗೆ ಐದಕ್ಕೆ ಒಂದೂವರೆ."

"ಅರ್ಧ ಅಂಕ ಯಾತಕ್ಕೆ ಟೀಚರ್?"

"ಅಕ್ಷರ ಚೆನ್ನಾಗಿದೆ ಅಂತ."

ಅವನು ನಕ್ಕು, ನಡೆಯುವುದನ್ನು ನಿಲ್ಲಿಸಿ, ನನ್ನ ಕನ್ನಡಕ ಬಿಚ್ಚಿಕೊಂಡ. ಕಿವಿಯ ಹಿಂದೆ ಒತ್ತುತ್ತಿದೆ ಎಂದು ನಾನು ಹೇಳಿಯೇ ಇರಲಿಲ್ಲ. ಬೀದಿದೀಪದ ಕೆಳಗೆ ಕಡ್ಡಿಯನ್ನು ಮೆಲ್ಲಗೆ ಬಗ್ಗಿಸಿ, ಉಸಿರು ಬಿಟ್ಟು ಗಾಜು ಒರೆಸಿ, ಎರಡೂ ಕೈಯಿಂದ ಮತ್ತೆ ಹಾಕಿದ. ಬೆರಳು ಕಿವಿಯ ಹಿಂದೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಆ ದಿನ ಬಸ್ ತಡವಾಗಿ ಬಂತು. ಇನ್ನೂ ತಡವಾಗಿದ್ದರೂ ನನ್ನದೇನೂ ತಕರಾರಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವನ ಅಂಗಡಿಯಲ್ಲಿ ಕೂತು ಮಾತು ಹೇಳಿಸುತ್ತಿದ್ದೆ. ಅವನು ಇದ್ದಕ್ಕಿದ್ದಂತೆ, "ರಾಣಿ ಯಾಕೆ ಅಳಲ್ಲ?" ಎಂದ.

ಏಳು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಅಂದು ಹೇಳಿಬಿಟ್ಟೆ. ಮದುವೆ ರಿಜಿಸ್ಟರ್ ಮಾಡುವ ಕಚೇರಿಯಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಕೂತಿದ್ದೆ. ಬರಬೇಕಾದವನು ಬರಲಿಲ್ಲ. ಸಂಜೆ ಗುಮಾಸ್ತರು ಕಿಟಕಿ ಮುಚ್ಚಲು ಎದ್ದರು. ನಾನೂ ಎದ್ದು ನಾನು ಕೂತಿದ್ದ ಕಡೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದೆ. ಸದ್ದಾದರೆ ಎಲ್ಲರೂ ತಿರುಗಿ ನೋಡುತ್ತಾರೆಂದು ಚಿಲಕವನ್ನು ಬೆರಳಲ್ಲಿ ಹಿಡಿದು ಮೆತ್ತಗೆ ಇಳಿಸಿದೆ. ಅಳು ಬರಲಿಲ್ಲ. ಮನೆಗೆ ಬಂದು ಅಕ್ಕನಿಗೆ, "ನಾನೇ ಬೇಡ ಅಂದೆ," ಎಂದೆ. ನನ್ನ ತಂಗಿ ಗಟ್ಟಿಗಿತ್ತಿ ಎಂದು ಅಕ್ಕ ಇವತ್ತಿಗೂ ಕಂಡವರಿಗೆಲ್ಲ ಹೇಳುತ್ತಾಳೆ. ಆ ಹೆಮ್ಮೆಯನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಿಲ್ಲ.

ಅವನು ಒರೆಸುತ್ತಿದ್ದ ಕನ್ನಡಕವನ್ನು ಕೆಳಗಿಟ್ಟ. ಆಮೇಲೆ, "ಯಾರಿಗೂ ಹೇಳಲ್ಲ," ಎಂದ. ನಾನು ಕೇಳಿರಲಿಲ್ಲ. ತಾನಾಗಿಯೇ ಹೇಳಿದ.

ಹದಿನೈದು ದಿನ ಹೋಯಿತು. ಅಂದಿನ ತಾಲೀಮಿನಲ್ಲಿ ರಾಣಿ ಸುದ್ದಿ ಕೇಳುವ ದೃಶ್ಯ. ರಾಣಿಯ ಪಾತ್ರ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯದು, ಒಳ್ಳೆಯವಳು. ಈ ದೃಶ್ಯ ಕೈಗೆ ಹತ್ತುತ್ತಿಲ್ಲವೆಂದು ವಾರಗಟ್ಟಲೆ ಕೊರಗಿದ್ದಳು. ಅವಳು ಸುದ್ದಿ ಕೇಳಿದಳು. ಒಂದು ಗಳಿಗೆ ನಿಂತಳು. ಆಮೇಲೆ ರಂಗದ ಮೇಲಿದ್ದ ಮೂರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದಳು. ಚಿಲಕವನ್ನು ಬೆರಳಲ್ಲಿ ಹಿಡಿದು ಮೆತ್ತಗೆ ಇಳಿಸಿದಳು.

ಕೈಯಲ್ಲಿದ್ದ ಪುಸ್ತಕದ ಪುಟ ತಪ್ಪಿಹೋಯಿತು.

"ಎಲ್ಲಿಂದ ತಂದ್ಯಮ್ಮಾ ಇದನ್ನ?" ಮೇಷ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು.

ಅವಳು ಮಂತ್ರಿಯ ಕಡೆ ನೋಡಿ ನಕ್ಕಳು. "ಇವರು ಹೇಳ್ಕೊಟ್ರು ಸಾರ್. ಯಾರೋ ಒಬ್ಬಳ ಕಥೆಯಂತೆ. ಪಾಪ."

ಆ ಪಾಪ ಅನ್ನುವ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಯಾರಿಂದಲೂ ಅದನ್ನು ಕೇಳಬಾರದು ಎಂದೇ ಏಳು ವರ್ಷ ಸುಳ್ಳು ಹೇಳಿದ್ದೆ.

ತಾಲೀಮು ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವನನ್ನು ನಿಲ್ಲಿಸಿದೆ.

"ನಿಮ್ಮ ಹೆಸರು ಹೇಳಿಲ್ಲ ಟೀಚರ್," ಎಂದ, ನಾನು ಬಾಯಿ ತೆರೆಯುವ ಮೊದಲೇ.

"ಹೆಸರು ಹೇಳಿದ್ರೆ ಊರಿಗೆ ಗೊತ್ತಾಗ್ತಿತ್ತು. ಈಗ ನೀವೆಂಥವರು ಅಂತ ನಂಗೆ ಗೊತ್ತಾಯ್ತು. ಯಾಕೆ ಹೇಳಿದ್ರಿ?"

ಅವನು ಅತ್ತ ಇತ್ತ ನೋಡಿದ. "ನಾಟಕ ಚೆನ್ನಾಗಿ ಬರ್ಲಿ ಅಂತ."

"ರಾಜ್ಯದ ಹಿತಕ್ಕಾಗಿ," ಎಂದೆ.

ಅವನ ಮುಖ ಕಪ್ಪಿಟ್ಟಿತು. ಅಂದು ಬಸ್‌ಸ್ಟಾಪಿಗೆ ಒಬ್ಬಳೇ ಹೋದೆ.

ಮಕ್ಕಳಿಗೆ ಪ್ರಶ್ನೆ ಹಾಕುವುದು ನನ್ನ ಹೊಟ್ಟೆಪಾಡು. ಈ ಮಾತನ್ನು ಯಾರು ಹೇಳಿದರು, ಯಾರಿಗೆ ಹೇಳಿದರು, ಸಂದರ್ಭವೇನು. ಆ ವಾರವೆಲ್ಲ ನನಗೆ ನಾನೇ ಅದೇ ಪ್ರಶ್ನೆ ಹಾಕಿಕೊಂಡೆ. ಅವಳ ಮೇಲೆ ಅವನಿಗೆ ಮನಸ್ಸಿದೆಯೇ? ಅಂದು ಅಂಗಡಿಯಲ್ಲಿ ಕೇಳಿದ್ದು ನನಗಾಗಿಯೋ, ಪಾತ್ರಕ್ಕಾಗಿಯೋ? ಕೊನೆಗೆ ತಡೆಯಲಾರದೆ, ಬ್ಯಾಂಕಿನ ಹುಡುಗಿಗೆ ಟೀ ಕೊಡುತ್ತಾ ಸುಮ್ಮನೆ ಕೇಳಿದಂತೆ ಕೇಳಿದೆ.

"ನಾನು ಕೇಳೇ ಇರ್ಲಿಲ್ಲ ಟೀಚರ್," ಎಂದಳು. "ಪಾತ್ರ ಅರ್ಥ ಆಗ್ತಿಲ್ಲ ಅಂತ ತಲೆ ಮೇಲೆ ಕೈಹೊತ್ತು ಕೂತಿದ್ದೆ. ಅವರೇ ಬಂದು, ನಂಗೊಂದು ಗೊತ್ತು, ಯಾರಿಗೂ ಗೊತ್ತಿಲ್ಲದ್ದು ಅಂದ್ರು. ಹೇಳುವಾಗ ಏನು ಖುಷಿ ಅವರಿಗೆ. ನಾನು ಬಾಯಿ ಬಿಟ್ಕೊಂಡು ಕೇಳ್ತಿದ್ದೆ."

ಅಷ್ಟೇ. ಪ್ರೇಮವೂ ಇಲ್ಲ, ದ್ವೇಷವೂ ಇಲ್ಲ. ಅವಳು ಬಾಯಿ ಬಿಟ್ಟುಕೊಂಡು ಕೇಳಿದ ಆ ಎರಡು ನಿಮಿಷಕ್ಕೆ ಅವನು ನನ್ನನ್ನು ಕೊಟ್ಟುಬಿಟ್ಟಿದ್ದ. ನಾಟಕದ ಮಂತ್ರಿ ಅಂದೇ ನನಗೆ ಪೂರ್ತಿ ಅರ್ಥವಾದ. ಅರ್ಥವಾಗದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಆ ಕಿಟಕಿ ಮುಚ್ಚುವುದನ್ನು ಬಿಡಿಸಿಬಿಡಿ ಎಂದು ಮೇಷ್ಟ್ರಿಗೆ ಹೇಳಬೇಕೆಂದರೆ, ಯಾಕೆ ಎಂದೂ ಹೇಳಬೇಕು. ಅಕ್ಕ ಆಗಲೇ ಎರಡನೇ ಸಾಲಿನ ಟಿಕೆಟ್ ತಂದಿಟ್ಟುಕೊಂಡಿದ್ದಳು. ಆ ದಿನದಿಂದ ನಮ್ಮ ಮನೆಯ ಕಿಟಕಿಗಳನ್ನೂ ನಾನು ಹಾಗೇ ಚಿಲಕ ಹಿಡಿದು ಮುಚ್ಚುತ್ತೇನೆ; ದಿನಾ ನೋಡುವವಳು ಅವಳು.

ಪ್ರದರ್ಶನ ಸಂಜೆ ನಾಲ್ಕಕ್ಕೆ. ಪರದೆಯ ಪಕ್ಕ ನನ್ನ ಸ್ಟೂಲು, ಪುಟ್ಟ ದೀಪ, ತೊಡೆಯ ಮೇಲೆ ಪುಸ್ತಕ. ರಾಣಿ ಸುದ್ದಿ ಕೇಳಿದಳು, ಕಿಟಕಿಗಳನ್ನು ಮುಚ್ಚಿದಳು. ಎರಡನೇ ಸಾಲಿನಲ್ಲಿ ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದು ನನಗೆ ಕಂಡಿತು. ಅಂದು ಬೇಡ ಅಂದವಳು ನಾನಲ್ಲ ಎಂದು ಗೊತ್ತಾಯಿತು ಅವಳಿಗೆ.

ಕೊನೆಯ ದೃಶ್ಯ. ರಾಣಿ, "ಯಾಕೆ?" ಎಂದಳು.

ಮಂತ್ರಿ ಬಾಯಿ ತೆರೆದ. ಮಾತು ಬರಲಿಲ್ಲ. ನೂರು ಸಲ ಆಡಿದ ಸಾಲು. ಅವನು ಮೆಲ್ಲನೆ ನನ್ನ ಕಡೆ ತಿರುಗಿದ.

ಸುಮ್ಮನಿದ್ದುಬಿಡಬಹುದಿತ್ತು. ನಾನೂರು ಜನರ ಮುಂದೆ ಒಂದು ನಿಮಿಷ ಹಾಗೆಯೇ ಬೆವರಲಿ ಎಂದು ಮನಸ್ಸು ಹೇಳಿತು, ಸುಳ್ಳೇಕೆ. ಆದರೆ ಎದುರಿಗೆ ಬ್ಯಾಂಕಿನ ಹುಡುಗಿ ಕಣ್ಣು ಪಿಳುಕಿಸದೆ ಉತ್ತರಕ್ಕೆ ಕಾಯುತ್ತಿದ್ದಳು. ಪುಸ್ತಕ ಮುಚ್ಚಿ, ಅದರಲ್ಲಿಲ್ಲದ ಮಾತನ್ನು ಎತ್ತಿಕೊಟ್ಟೆ.

"ನಿಮ್ಮ ಗುಟ್ಟು ನನ್ನಲ್ಲಿತ್ತು, ಮಹಾರಾಣಿ."

ನಾನು ಪಿಸುಗುಟ್ಟಿದ್ದನ್ನು ಹಾಗೇ ಹೇಳುವುದು ಅವನಿಗೆ ರೂಢಿಯಾಗಿತ್ತು. ಹೇಳಿದ. ಹೇಳಿದ ಮೇಲೆ ಅವನಿಗೆ ಎಚ್ಚರವಾಯಿತು. ಆದರೂ ಕಣ್ಣು ನನ್ನಿಂದ ಕೀಳಲಿಲ್ಲ, ಮುಂದಿನ ಮಾತಿಗೆ ಕಾದ.

"ಕಾಪಾಡಿಕೊಂಡಿದ್ದಷ್ಟು ದಿನ ನಾನು ಯಾರ ಕಣ್ಣಿಗೂ ಬೀಳಲಿಲ್ಲ."

ಅದನ್ನೂ ಹೇಳಿದ.

"ಹೇಳಿದ ಆ ಒಂದು ಗಳಿಗೆ ದೊಡ್ಡವನಾಗಿ ಕಂಡೆ. ಅಷ್ಟಕ್ಕೇ."

'ಅಷ್ಟಕ್ಕೇ' ಎನ್ನುವಾಗ ಅವನ ದನಿ ಒಡೆಯಿತು. ಅದು ನಟನೆಯಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ಪರದೆ ಬೀಳುವವರೆಗೂ ಯಾರೂ ಕೆಮ್ಮಲೂ ಇಲ್ಲ.

ಮೇಷ್ಟ್ರು ಓಡಿಬಂದು, "ಯಾವ ಪುಸ್ತಕದ್ದಮ್ಮಾ ಆ ಸಾಲು?" ಎಂದು ರೇಗಿದರು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ, "ನಾಳೆಗೂ ಇರ್ಲಿ," ಎಂದು ಹೋದರು.

ಅವನು ಬಂದಾಗ ಮಂತ್ರಿಯ ನಿಲುವಂಗಿ ಇನ್ನೂ ಮೈಮೇಲಿತ್ತು. ಒಳಜೇಬಿನಿಂದ ಚೀಟಿ ತೆಗೆದು ನನ್ನ ಮುಂದೆ ಹಿಡಿದ. ಖಾಲಿ ಚೀಟಿ.

"ಸಾಲು ಮರೆತಿರ್ಲಿಲ್ಲ," ಎಂದ. "ನೀವು ಅಲ್ಲಿ ಕೂತಿರುವಾಗ ಆ ಸುಳ್ಳು ಬಾಯಿಗೆ ಬರ್ಲಿಲ್ಲ. ಟೀಚರ್, ನಂಗೆ ನೀವಂದ್ರೆ..."

"ಗೊತ್ತು."

"ಒಂದೇ ಒಂದ್ಸಲ ಕ್ಷಮಿಸಿಬಿಡಿ."

ಬಣ್ಣ ಬೆವರಿಗೆ ಕರಗಿ ಅವನ ಕೆನ್ನೆಯ ಮೇಲೆ ಇಳಿದಿತ್ತು. ಒರೆಸಬೇಕೆನ್ನಿಸಿತು. ಕೈ ಪುಸ್ತಕದ ಮೇಲೇ ಇಟ್ಟುಕೊಂಡೆ.

"ಕ್ಷಮಿಸೋದೇನು ದೊಡ್ಡದಲ್ಲ," ಎಂದೆ. "ನಿಮ್ಮ ಮೇಲೆ ಪ್ರೀತಿ ಇಲ್ಲ ಅಂದ್ರೂ ಸುಳ್ಳಾಗುತ್ತೆ. ಆದ್ರೆ ಇನ್ಮೇಲೆ ನಿಮ್ಮ ಹತ್ರ ನಾನು ಏನೂ ಹೇಳಲ್ಲ. ಏನೂ ಹೇಳ್ಕೊಳ್ದೆ ಪ್ರೀತಿ ಮಾಡೋದು ನಂಗೆ ಬರಲ್ಲ."

"ಹಾಗಾದ್ರೆ ನಾಳೆ ಬರಲ್ವಾ?"

"ಬರ್ತೀನಿ. ನೀವು ಮರೆತ್ರೆ ಎತ್ತಿಕೊಡ್ತೀನಿ. ಅದು ನನ್ನ ಕೆಲಸ."

ಹೊರಗೆ ಅಕ್ಕ ಕಾಯುತ್ತಿದ್ದಳು. ಅತ್ತು ಮೂಗು ಕೆಂಪಾಗಿತ್ತು. ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ನಾನು ಚಿಕ್ಕವಳಿದ್ದಾಗ ಶಾಲೆಯ ಬಾಗಿಲಲ್ಲಿ ಹಾಗೆ ತೆಗೆದುಕೊಳ್ಳುತ್ತಿದ್ದಳು. ಪಾಪ ಎನ್ನುತ್ತಾಳೇನೋ ಎಂದು ನಾನು ಹಲ್ಲು ಕಚ್ಚಿ ನಿಂತೆ.

"ಏಳು ವರ್ಷ ಒಬ್ಬಳೇ ಇಟ್ಕೊಂಡಿದ್ಯಲ್ಲೇ," ಎಂದಳು. "ಗಟ್ಟಿಗಿತ್ತಿ ಕಣೇ ನೀನು."

ಆಗ ನನಗೆ ಅಳು ಬಂತು.