ಸೇತುವೆ ಬಿಟ್ಟು ಸರಿದ ಸೈನ್ಯ

"ನನ್ನ ಯುದ್ಧ ಯಾರು ಅಳಿಸಿದ್ರಿ?"

ಬಾಗಿಲಲ್ಲಿ ನಿಂತವನ ದನಿ ಕೇಳಿ ಕೋಣೆಯಲ್ಲಿದ್ದ ಹುಡುಗಿಯರೆಲ್ಲ ಕೀಬೋರ್ಡಿನಿಂದ ಕೈ ತೆಗೆದರು.

ಶಿವಕಾಂತಾ ಮಾತ್ರ ತೆಗೆಯಲಿಲ್ಲ. ತೆಗೆದರೆ ಬೆರಳು ನಡುಗುವುದು ಕಾಣುತ್ತದಲ್ಲ... ಅಳಿಸಿದವಳು ಅವಳೇ!

ಇದು ತೊಂಬತ್ತೇಳರ ಮಾತು. ಆಳಂದದ ಬಸ್ ಸ್ಟ್ಯಾಂಡ್ ಎದುರು, ಗೊಬ್ಬರದಂಗಡಿಯ ಮಾಳಿಗೆಯ ಮೇಲೆ ರಾಜೇಸಾಬ ಸರ್ ಕಂಪ್ಯೂಟರ್ ಕ್ಲಾಸ್ ತೆರೆದಿದ್ದರು. ಮಧ್ಯಾಹ್ನ ಹುಡುಗಿಯರ ಬ್ಯಾಚ್, ಸಂಜೆ ಗಂಡಸರದು. ಚಪ್ಪಲಿ ಹೊರಗೆ ಬಿಡಬೇಕು, ಫ್ಲಾಪಿ ಒಳಗೇ ಇಡಬೇಕು. ಹೊರಗೆ ಒಯ್ದರೆ ವೈರಸ್ ಹತ್ತಿಸಿಕೊಂಡು ಬರುತ್ತದೆಂದು ಸರ್ ಎಲ್ಲರನ್ನೂ ಹೆದರಿಸಿಟ್ಟಿದ್ದರು. ಅದಕ್ಕೇ ಗೋಡೆಗೊಂದು ಕಟ್ಟಿಗೆಯ ಗೂಡು, ಅದರಲ್ಲಿ ಒಬ್ಬೊಬ್ಬರ ಫ್ಲಾಪಿಗೆ ಒಂದೊಂದು ಖಾನೆ.

ಹಿಂದಿನ ದಿನ ಶಿವಕಾಂತಾಳ ಕಂಪ್ಯೂಟರು ಜಾಗ ಸಾಲದು ಎಂದಿತ್ತು. ಬೇಡವಾದದ್ದನ್ನು ತೆಗೆದುಹಾಕು ಅಂದರು ಸರ್. ತನಗೆ ಗೊತ್ತಿಲ್ಲದ್ದೆಲ್ಲ ಬೇಡವಾದದ್ದೇ ಎಂದುಕೊಂಡ ಜಾಣೆ ಇವಳು!

"ನಾನೇ ಅಳಿಸೀನ್ರಿ," ಎಂದಳು ಎದ್ದು ನಿಂತು. "ಅದು ಯುದ್ಧ ಅಂತ ನನಗ ಹ್ಯಾಂಗ ತಿಳೀಬೇಕು?"

ಅವನು ಬೈಯಲಿಲ್ಲ. ಬೈದಿದ್ದರೆ ಇವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು. ಬಣ್ಣಗೆಟ್ಟ ಮುಖದಲ್ಲಿ, "ಹೋಗ್ಲಿ ಬಿಡ್ರಿ," ಎಂದಷ್ಟೇ ಹೇಳಿ ಹೊರಟ.

ಆ ದನಿ... ಎಲ್ಲೋ ಕೇಳಿದ ದನಿ. ಅವನು ಮೆಟ್ಟಿಲಿಳಿದ ಸ್ವಲ್ಪ ಹೊತ್ತಿಗೆ ಎದುರಿನ ಬಸ್ ಸ್ಟ್ಯಾಂಡಿನ ಮೈಕು ಅಫಜಲಪುರದ ಬಸ್ಸು ಕರೆಯಿತು. ಅಯ್ಯೋ ಶಿವನೇ, ದಿನಾ ಕೇಳುವ ದನಿ! ಕಂಟ್ರೋಲರ್ ದೌಲತರಾಯ ಇವನೇ.

ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಸಕ್ಕರೆ ಕೇಳಿದ ತಂಗಿಗೆ ಉಪ್ಪಿನ ಡಬ್ಬಿ ಕೊಟ್ಟಳು.

ಮರುದಿನ ಬ್ಯಾಚು ಮುಗಿದ ಮೇಲೆ ಗೆಳತಿ ಪ್ಯಾರಿಬಿಯನ್ನು ಕೈಹಿಡಿದು ಕೂರಿಸಿಕೊಂಡು, ಅವನಿಗಾಗಿ ಕಾದಳು. ಅಳಿಸಿದ್ದನ್ನು ತಾನೇ ಕೂತು ಮತ್ತೆ ಕಟ್ಟಿಕೊಡುತ್ತೇನೆಂದಳು. ಅವನು ನಕ್ಕ. ಅದೇನು ರೊಟ್ಟಿಯೇ, ಹಿಟ್ಟು ನಾದಿ ಇನ್ನೊಂದು ತಟ್ಟಲು? ಆದರೂ ತೋರಿಸಿದ.

ಅದು ಯುದ್ಧದ ಆಟ. ಆಟದ ಜೊತೆ ಬಂದ ಯುದ್ಧಗಳೆಲ್ಲ ಯಾವುದೋ ದೇಶದವು. ಆದರೆ ಆಟದೊಳಗೇ ಒಂದು ಕಾರ್ಖಾನೆಯಿತ್ತು. ಬೇಕಾದ ನೆಲ, ಬೇಕಾದ ಸೈನ್ಯ, ಬೇಕಾದ ಗೆಲುವು ನಾವೇ ಕಟ್ಟಿಕೊಳ್ಳಬಹುದು. ಪರದೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಒಂದೊಂದು ಮನೆಗೂ ಇದು ಹೊಲ, ಇದು ಹಳ್ಳ, ಇದು ದಾರಿ ಎಂದು ಹೇಳುತ್ತ ಹೋಗಬೇಕು. ದೌಲತರಾಯ ಆಳಂದದಿಂದ ಗಾಣಗಾಪುರದವರೆಗಿನ ನೆಲವನ್ನೆಲ್ಲ ಹೀಗೆ ಹಾಸಿ, ಅದರ ಮೇಲೆ ಎಂದೂ ಇರದಿದ್ದ ಇಬ್ಬರು ಪಾಳೆಗಾರರನ್ನು ಹುಟ್ಟಿಸಿ ಕಾದಾಡಲು ಬಿಟ್ಟಿದ್ದ. ಯಾವ ತುಕಡಿ ಯಾವ ಸರದಿಗೆ ಬಂದು ಕೂಡಿಕೊಳ್ಳಬೇಕೆಂಬುದನ್ನೂ ಬಸ್ಸು ಬಿಟ್ಟಂತೆ ಗೊತ್ತುಮಾಡಿದ್ದ.

ಗಂಡಸಿಗೆ ಎಂಥೆಂಥ ಹುಚ್ಚು ಇರ್ತಾವೆ ನೋಡು ಎಂದುಕೊಂಡಳು ಶಿವಕಾಂತಾ. ಆದರೆ ಕಣ್ಣು ಮಾತ್ರ ಪರದೆ ಬಿಡಲಿಲ್ಲ.

"ಇದು ಯಾವ ತಿಂಗಳ ಯುದ್ಧರಿ?"

"ಶ್ರಾವಣ."

"ಶ್ರಾವಣದಾಗ ನಮ್ಮ ನರೋಣಾದ ಎರಿ ಹೊಲದಾಗ ಕುದುರಿ ಓಡಿಸ್ತೀರಾ? ಹೊಟ್ಟಿ ಮಟ ಹುಗೀತಾವ."

ಅವನು ತಿರುಗಿ ಅವಳನ್ನೇ ನೋಡಿದ. ನರೋಣಾ ಅವಳ ಅಜ್ಜಿಯ ಊರು. ಅಂದಿನಿಂದ ಆ ಕಡೆಯ ನೆಲವೆಲ್ಲ ಅವಳ ಪಾಲಾಯಿತು, ಭೀಮಾ ತೀರ ಅವನ ಪಾಲಾಯಿತು. ರಾಜೇಸಾಬ ಸರ್ ಇಳಿಹೊತ್ತಿನ ನಮಾಜಿಗೆ ಹೋಗಿ ಬರುವಷ್ಟು ಹೊತ್ತು, ಪ್ಯಾರಿಬಿಯನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ನೆಲ ಕಟ್ಟಿದರು. ಅವನು ಹಳ್ಳ ಹಾಕಿದರೆ ಇವಳು ಅದು ಅಲ್ಲಿಲ್ಲ ಎನ್ನುವಳು. ಇವಳು ಸೈನ್ಯ ಹೆಚ್ಚಿಸಿದರೆ ಅವನು, ಇವರಿಗೆಲ್ಲ ಜೋಳ ಯಾರು ಕೊಡಬೇಕು ಎನ್ನುವನು. ಜಗಳವೇ ಜಗಳ... ಮತ್ತೆ ನಾಳೆ ಯಾವಾಗ ಆಗುತ್ತದೋ ಎಂಬ ತಳಮಳ!

ಕಟ್ಟಿದವನೇ ಎರಡೂ ಕಡೆ ಆಡಿದರೆ ಆಟದ ಹುಳುಕು ತಿಳಿಯುವುದಿಲ್ಲ, ಎದುರಾಳಿ ಬೇಕು ಎಂದ ದೌಲತರಾಯ. ನಾನಿಲ್ಲವೇ ಎಂದಳು ಅವಳು, ಆಟ ಶುರುವಾಯಿತು.

ಊರ ಬಾಯಿ ಏನು ಚೀಲವೇ, ಹೊಲಿದು ಮುಚ್ಚಲು? ಯಾರೋ ಹಣಮಂತರಾಯರ ಕಿವಿಗೆ ಹಾಕಿದರು. ಅವರು ಊರಿಗೆಲ್ಲ ಗೊತ್ತಿರುವ ತೊಗರಿ ವ್ಯಾಪಾರಿ, ಶಿವಕಾಂತಾಳ ತಂದೆ. ಕೂಗಾಡಲಿಲ್ಲ. ನಾಳೆಯಿಂದ ಕ್ಲಾಸು ಮುಗಿದೊಡನೆ ಮನೆಗೆ ಬರಬೇಕೆಂದು ಒಂದೇ ಮಾತು ಹೇಳಿದರು.

ಮರುದಿನ ಆ ಸುದ್ದಿ ಹೇಳಿಹೋಗಲೆಂದೇ ಅವಳು ಪ್ಯಾರಿಬಿಯೊಡನೆ ಐದು ನಿಮಿಷ ನಿಂತಳು. ದೌಲತರಾಯ ಆಟಕ್ಕೊಂದು ದಾರಿ ಹೇಳಿದ. ಇಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್, ಯಾರ ಸರದಿಯೋ ಅವರದನ್ನೇ ಆಟ ಕೇಳುತ್ತದೆ. ತನ್ನ ಸರದಿಯ ನಡೆಯನ್ನು, ಅಂದರೆ ಚಾಲನ್ನು, ಆಡಿ ಫ್ಲಾಪಿಗೆ ಉಳಿಸಿದವರು ಅದನ್ನು ಇನ್ನೊಬ್ಬರ ಖಾನೆಯಲ್ಲಿಡಬೇಕು. ಅವರು ಆಡಿ ತಿರುಗಿ ಇಡುವ ತನಕ ಅದನ್ನು ಮುಟ್ಟಬಾರದು.

ಅಷ್ಟು ಹೇಳಿ ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಶಿವಕಾಂತಾ ಅವ್ರ... ನಿಮ್ಮ ಕುದುರಿ ಸೈನ್ಯ ಅಮರ್ಜಾ ಹೊಳಿ ಸೇತುವಿ ಮ್ಯಾಲ ನಿಂತದ. ನಾಳಿ ಚಾಲ್ ನಿಮ್ದು. ನೀವು ಅದನ್ನ ಸರಿಸಿ ದಾರಿ ಬಿಟ್ರ, ನಾ ನಿಮ್ಮ ಅಪ್ಪಾರ ಹತ್ರ ಹೆಣ್ಣು ಕೇಳಾಕ ಬರ್ತೇನಿ. ಹಂಗೇ ನಿಂದರಿಸಿದ್ರ ನಿಮಗ ಮನಸಿಲ್ಲಂತ ತಿಳೀತೇನಿ. ಮತ್ತ ಆ ಮಾತು ಎತ್ತಂಗಿಲ್ಲ."

ಬಾಯಿಬಿಟ್ಟು ಹೂಂ ಅನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಪ್ಯಾರಿಬಿ ತೊಡೆ ಚಿವುಟಿದಳು. ಆಗಲೂ ಏಳಲಿಲ್ಲ.

ಮರುದಿನ ಕೂತೊಡನೆ ಶಿವಕಾಂತಾ ಫ್ಲಾಪಿ ಹಾಕಿದಳು. ಕುದುರೆ ಸೈನ್ಯವನ್ನು ಒಂದು ಮನೆ ಹಿಂದೆ ಸರಿಸಿದಳು. ಸಾಲದೆನಿಸಿ ಇನ್ನೂ ಒಂದು ಮನೆ ಸರಿಸಿದಳು! ಸೇವ್ ಒತ್ತಿದಳು. ಫ್ಲಾಪಿ ಕರಕರ ಎನ್ನುತ್ತಿರುವಾಗಲೇ ಕರೆಂಟು ಹೋಯಿತು.

ಆಳಂದದಲ್ಲಿ ಕರೆಂಟು ಹೋಗುವುದನ್ನು ಯಾರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ? ಒತ್ತಿದ್ದಾಯಿತಲ್ಲ, ಮುಗಿಯಿತು ಎಂದು ಫ್ಲಾಪಿ ತೆಗೆದು ಅವನ ಖಾನೆಯಲ್ಲಿಟ್ಟಳು. ಮನೆಗೆ ಹೋಗುವಾಗ ನೆಲದ ಮೇಲೆ ಕಾಲೇ ಇರಲಿಲ್ಲ.

ಇವತ್ತು ಬರುತ್ತಾನೆ. ಇಲ್ಲ, ನಾಳೆ ಸೋಮವಾರ ಒಳ್ಳೆಯ ದಿನ, ನಾಳೆ ಬರುತ್ತಾನೆ...

ಸೋಮವಾರ ಹೋಯಿತು, ಇನ್ನೊಂದು ಸೋಮವಾರವೂ ಹೋಯಿತು. ಬಾಗಿಲ ಸದ್ದಾದರೆ ಎದ್ದು ನಿಲ್ಲುವಳು, ಹಾಲಿನವನನ್ನು ಕಂಡು ಕೂರುವಳು. ಫ್ಲಾಪಿ ಅವನ ಖಾನೆಯಲ್ಲಿ ಇಟ್ಟ ಹಾಗೇ ಬಿದ್ದಿತ್ತು. ಬಹುಶಃ ನೋಡಿಯೇ ಇಲ್ಲವೇನೋ? ಸಂಜೆಯ ಬ್ಯಾಚಿಗೆ ಬರುತ್ತಿದ್ದ ತನ್ನಣ್ಣ ಸಲಾವುದ್ದೀನನನ್ನು ಪ್ಯಾರಿಬಿ ಕೇಳಿಕೊಂಡು ಬಂದಳು. ದೌಲತರಾಯ ನೋಡಿದ್ದನಂತೆ. ಅಂದೇ ಫ್ಲಾಪಿ ಹಾಕಿ, ತೆಗೆದು, ತಿರುಗಿ ಖಾನೆಯಲ್ಲಿಟ್ಟು ಎದ್ದುಹೋದನಂತೆ. ಆಮೇಲೆ ಆ ಕಂಪ್ಯೂಟರಿನ ಹತ್ತಿರವೂ ಸುಳಿದಿಲ್ಲವಂತೆ.

ನೋಡಿದ್ದಾನೆ... ನೋಡಿಯೂ ಸುಮ್ಮನಿದ್ದಾನೆ!

ಹಾಗಾದರೆ ನಾನು ದಾರಿ ಬಿಟ್ಟದ್ದು ಅವನಿಗೆ ಆಟವಾಯಿತೇ? ದೊಡ್ಡ ಮನೆಯ ಹೆಣ್ಣು ಹೂಂ ಅಂದೊಡನೆ ಅಂಜಿಕೊಂಡನೇ? ನಾಚಿಕೆಗೆ ಅವಳ ಕಿವಿ ಸುಟ್ಟವು. ಎದುರಿನ ಮೈಕಿನಲ್ಲಿ ಅದೇ ದನಿ ನೆಟ್ಟಗೆ ಬಸ್ಸು ಕರೆಯುತ್ತಲೇ ಇತ್ತು. ಕಲ್ಲೆದೆಯವನಿಗೆ ಗಂಟಲಾದರೂ ಕಟ್ಟಬಾರದೇ ಎಂದು ಶಪಿಸಿದಳು.

ಆ ಹೊತ್ತಿಗೇ ಜೇವರ್ಗಿಯ ಸಂಬಂಧ ಬಂತು. ಹುಡುಗನ ಕಡೆಯವರು ನೋಡಿದರು, ಒಪ್ಪಿದರು. ಹಣಮಂತರಾಯರು ಮಗಳನ್ನು ಕರೆದು ನಿನ್ನ ಮನಸ್ಸೇನೆಂದು ಕೇಳಿದರು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟವಳು, "ನೀವು ಹ್ಯಾಂಗಂತೀರಿ ಹಂಗಪ್ಪಾ," ಎಂದುಬಿಟ್ಟಳು.

ಗುರುವಾರ ಬೆಳಿಗ್ಗೆ ಜೇವರ್ಗಿಯವರು ನಿಶ್ಚಯದ ಸಕ್ಕರೆ ತರುವುದೆಂದಾಯಿತು. ಆ ಸಕ್ಕರೆ ಹುಡುಗಿಯ ಬಾಯಿಗೆ ಬಿತ್ತೆಂದರೆ ಮುಗಿಯಿತು. ಆಮೇಲೆ ಮಾತು ತಿರುಗಿಸಿದ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ, ಅವಳ ಬೆನ್ನಿಗೆ ತಂಗಿಯೂ ಇದ್ದಾಳೆ.

ಬುಧವಾರ ಅವಳು ಕಡೆಯ ಸಲ ಕ್ಲಾಸಿಗೆ ಬಂದಳು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕಣ್ಣು ಮತ್ತೆ ಆ ಖಾನೆಗೇ ಹೋಯಿತು. ಇನ್ನೇನು ನಿಯಮ? ಹೋಗುವ ಮುಂಚೆ ಅವನ ಪಾಸ್‌ವರ್ಡ್ ಊಹಿಸಿಯಾದರೂ ಅವನ ಸೈನ್ಯವನ್ನು ಚಿಂದಿ ಮಾಡಿ ಹೋಗುತ್ತೇನೆ! ಫ್ಲಾಪಿ ಎಳೆದುಕೊಂಡು ಹಾಕಿದಳು.

ಆಟ ಪಾಸ್‌ವರ್ಡ್ ಕೇಳಿತು. ಅವನದ್ದಲ್ಲ... ಅವಳದ್ದು.

ಇದು ಹೇಗೆ? ಚಾಲು ಅವನದಲ್ಲವೇ? ತನ್ನದನ್ನು ಒತ್ತಿದಳು. ನೆಲ ತೆರೆಯಿತು. ಅಮರ್ಜಾ ಸೇತುವೆಯ ಮೇಲೆ ಅವಳ ಕುದುರೆ ಸೈನ್ಯ ಅಡ್ಡಲಾಗಿ ನಿಂತಿತ್ತು. ಒಂದು ಮನೆಯೂ ಸರಿದಿರಲಿಲ್ಲ.

ರಾಜೇಸಾಬ ಸರ್ ಬಗ್ಗಿ ನೋಡಿ, ಫ್ಲಾಪಿಗೆ ಬರೆಯುತ್ತಿರುವಾಗ ಕರೆಂಟು ಹೋಗಿತ್ತೇ ಎಂದು ಕೇಳಿದರು. ಹೋದರೆ ಹೊಸದು ಉಳಿಯುವುದಿಲ್ಲ, ಹಳೆಯದೇ ಇರುತ್ತದೆ ಎಂದರು.

ಅಂದರೆ ಅಂದು ದೌಲತರಾಯನಿಗೂ ಆಟ ಅವಳ ಪಾಸ್‌ವರ್ಡನ್ನೇ ಕೇಳಿತ್ತು, ಅವನು ಕಂಡದ್ದು ಇದನ್ನೇ! ಅವಳು ದಾರಿ ಬಿಡದೆ, ಚಾಲನ್ನೂ ಆಡದೆ, ಫ್ಲಾಪಿ ಅವನ ಖಾನೆಗೆ ತಿರುಗಿ ಹಾಕಿದ್ದನ್ನು. ಇದಕ್ಕಿಂತ ಗಟ್ಟಿಯಾಗಿ ಒಲ್ಲೆ ಎನ್ನುವುದು ಹೇಗೆ? ಮತ್ತೆ ಆ ಮಾತು ಎತ್ತುವುದಿಲ್ಲ ಎಂದಿದ್ದ, ಎತ್ತಲಿಲ್ಲ. ಇವಳು ಅವನ ಗಂಟಲು ಕಟ್ಟಲೆಂದು ಶಪಿಸುತ್ತ ಕೂತಿದ್ದಳು.

ಅವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಮೆಟ್ಟಿಲಿಳಿದಳು. ಬಿಸಿಲಿಗೆ ಕಾದ ರಸ್ತೆ ಅಂಗಾಲು ಸುಟ್ಟಿತು. ಸುಡಲಿ!

ಕಂಟ್ರೋಲರ್ ಕಿಟಕಿಯೊಳಗೆ ದೌಲತರಾಯ ಗುಲಬರ್ಗಾ ಬಸ್ಸು ಕರೆಯಲು ಬಾಯಿ ತೆರೆದಿದ್ದ. ಅವಳನ್ನು ಕಂಡು ಊರ ಹೆಸರೇ ಮರೆತ.

"ಮೊದಲ ಮೈಕ್ ಬಂದ್ ಮಾಡ್ರಿ," ಎಂದಳು.

ಮಾಡಿದ.

"ನಾ ಸರಿಸಿದ್ದೆ. ಆವತ್ತೇ ಸರಿಸಿದ್ದೆ. ಕರೆಂಟ್ ಹೋಗಿ ಅದು ಉಳೀಲಿಲ್ಲ. ನನಗ ಈಗ ಗೊತ್ತಾತು." ಉಸಿರು ಸಾಲದೆ ನಿಂತಳು. "ನಾಳಿ ಮುಂಜಾನಿ ಜೇವರ್ಗಿಯವ್ರು ಸಕ್ಕರಿ ತರಾಕತ್ಯಾರ. ನನಗ ಆ ಸಕ್ಕರಿ ಬ್ಯಾಡ. ನನಗ ನೀವು ಬೇಕು."

ಅವನು ಕಿಟಕಿಯ ಸರಳು ಹಿಡಿದು ಎದ್ದು ನಿಂತ. ನಾನು ಕೇಳಿದ್ದೇ ತಪ್ಪಾಯಿತೆಂದು ಇಷ್ಟು ದಿನ ನಿಮ್ಮ ಓಣಿ ಕಡೆ ಕಾಲಿಟ್ಟಿಲ್ಲ ಎಂದ. ಆಮೇಲೆ ಪಕ್ಕದವನಿಗೆ ಡ್ಯೂಟಿ ಒಪ್ಪಿಸಿ, ಮುಖ ತೊಳೆದುಕೊಂಡು ಬಂದ.

ಹಣಮಂತರಾಯರ ಪಡಸಾಲೆಯಲ್ಲಿ ಅವನು ಕೂರಲಿಲ್ಲ. ನಿಂತೇ ಹೇಳಿದ. ತಾನು ಅಫಜಲಪುರದ ಒಕ್ಕಲು ಮನೆಯವನು, ಬಸ್ಸಿನ ನೌಕರಿ, ಹೆಚ್ಚಿನದೇನೂ ಇಲ್ಲ. ಇವರನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದ.

"ನಾ ಜೇವರ್ಗಿಗಿ ಮಾತು ಕೊಟ್ಟೇನಿ," ಎಂದರು ಹಣಮಂತರಾಯರು. ಮಗಳ ಕಡೆ ತಿರುಗಿದರು. "ನಿನ್ನ ಕೇಳೇ ಕೊಟ್ಟೇನಿ."

"ಅವತ್ತ ಸಿಟ್ಟಿಲೇ ಹೇಳಿದ್ದೆಪ್ಪಾ. ನಂದೇ ತಪ್ಪು. ಇವತ್ತ ಖರೆ ಹೇಳಾಕತ್ತೇನಿ."

ತಾಯಿ ಸುಭದ್ರಾಬಾಯಿ ಅಡುಗೆಮನೆಯಿಂದ ಬಂದು ಮಗಳ ಸುಟ್ಟ ಅಂಗಾಲು ನೋಡಿದಳು. ನಾಳೆ ಅವರೆದುರು ಅಳುವುದಕ್ಕಿಂತ ಇವತ್ತು ನಮ್ಮೆದುರು ಹೇಳಿದ್ದೇ ಚಲೋ ಆಯಿತೆಂದಳು.

ಹಣಮಂತರಾಯರು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದರು. ಕಡೆಗೆ ಅವರು ಗೂಟದಿಂದ ರುಮಾಲು ತೆಗೆದು ಸುತ್ತಿಕೊಳ್ಳತೊಡಗಿದರು.

"ಜೇವರ್ಗಿಗಿ ಇನ್ನ ಬಸ್ ಅದ ಏನಪಾ?"

ದೌಲತರಾಯನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅದರಿ... ಅರ್ಧಾ ತಾಸಿಗೆ ಬಿಡ್ತದ."

"ಮಾತು ಮುರೀಬೇಕಂದ್ರ ಮಾರಿ ತೋರಿಸಿ ಮುರೀಬೇಕು. ಸಕ್ಕರಿ ಕಟ್ಟೋದ್ರಾಗ ಹೋಗಿ ಹೇಳ್ತೇನಿ. ಅವರೇನಂದ್ರೂ ಕೇಳಿಸ್ಕೊಂಡ ಬರ್ತೇನಿ."

"ನಾನೂ ಬರ್ತೇನ್ರಿ," ಎಂದ ದೌಲತರಾಯ. "ಬೈಗಳು ಒಬ್ಬರಿಗೇ ಯಾಕ?"

ಹಣಮಂತರಾಯರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಬಾ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದರು.

ಹೊಸ್ತಿಲಲ್ಲಿ ಇವರಿಬ್ಬರೇ ಉಳಿದರು.

"ಅಲ್ರಿ, ಅನುಮಾನ ಬಂದ್ರ ಒಂದು ಮಾತ ಕೇಳಬಾರದಾ?" ಎಂದಳು ಶಿವಕಾಂತಾ. ಇಷ್ಟು ದಿನದ ಕಣ್ಣೀರು ಈಗ ಸುರಿಯಿತು. "ಇನ್ನ ಮ್ಯಾಲ ಏನಿದ್ರೂ ಬಾಯಿಲೇ ಕೇಳ್ರಿ."

"ಹಂಗಂದ್ರ ಈಗ ಕೇಳ್ತೇನಿ." ಅವನ ದನಿಯಲ್ಲಿ ಮೈಕಿನ ಗತ್ತು ಒಂದಿಷ್ಟೂ ಇರಲಿಲ್ಲ. "ಶಿವಕಾಂತಾ... ನನ್ನ ಮದುವಿ ಆಗ್ತೀಯೇನು?"

ಅವನು ಮೊದಲ ಸಲ ಏಕವಚನದಲ್ಲಿ ಕರೆದಿದ್ದ. ಅಂಗಳದಿಂದ ಅಪ್ಪ ಕೆಮ್ಮಿದರು, ಬಸ್ಸಿಗೆ ಹೊತ್ತಾಯಿತೆಂದು.

"ಆಗ್ತೇನಿ," ಎಂದಳು ಶಿವಕಾಂತಾ, ಅಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ. "ಹೋಗಿ ಲಗೂ ಬಾ."