ಬಾವಿಯ ಆಚೆ ಕಿಟಕಿಯ ಮುಖ

ಆ ಮುಖ ಮತ್ತೆ ಕಂಡಿತು!

ಇಟಲಿಯ ಒರ್ವಿಯೆಟೊ ಊರಿನ ಆಳ ಬಾವಿಯೊಳಗೆ ಪ್ರವಾಸಿಗರನ್ನು ಇಳಿಸಿಕೊಂಡು ಹೋಗುತ್ತಿದ್ದ ಗೈಡ್ ಕ್ಲೆಲಿಯಾ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಅಲ್ಲಿ ಬಾವಿಯ ಗೋಡೆಯೊಳಗೆ ಸುತ್ತಿಕೊಂಡು ಇಳಿಯುವ ಮೆಟ್ಟಿಲೇ ಬೇರೆ, ಹತ್ತುವ ಮೆಟ್ಟಿಲೇ ಬೇರೆ; ಎರಡರಿಂದಲೂ ಬಾವಿಯತ್ತ ತೆರೆಯುವ ಕಿಟಕಿಗಳಿವೆ. ತಳದ ಸೇತುವೆ ಮುಟ್ಟುವವರೆಗೂ ಎರಡೂ ಸೇರುವುದಿಲ್ಲ. ಆಚೆ ಬದಿಯ ಕಲ್ಲಿನ ಕಿಟಕಿಯ ಅರೆಬೆಳಕಿನಲ್ಲಿ ಯಾರೋ ತನ್ನನ್ನೇ ನೋಡುತ್ತಿದ್ದರು.

ಮೂರು ವರ್ಷದಿಂದ ಹೀಗೇ. ತಮ್ಮ ಟುಲ್ಲಿಯೊ ಸತ್ತ ದಿನ ಬಂತೆಂದರೆ ಆ ಮುಖ ಕಾಣುತ್ತಿತ್ತು, ಮರುಕ್ಷಣ ಮಾಯ.

'ಟುಲ್ಲಿಯೊ... ನಿನಗಿನ್ನೂ ನನ್ನ ಮೇಲಿನ ಸಿಟ್ಟು ಹೋಗಿಲ್ವಾ?'

ಆದರೆ ಈ ಸಲ ಸದ್ದೊಂದು ಕೇಳಿತು. ಟಕ್... ಟಕ್... ಊರುಗೋಲು! ಸತ್ತವರಿಗೆ ಊರುಗೋಲು ಯಾಕೆ?

ಒರೆಸ್ತೆ! ಅವಳನ್ನು ಮದುವೆಯಾಗಬೇಕಿದ್ದವನು. ಮಂಜು ಕವಿದ ರಸ್ತೆಯಲ್ಲಿ ಕಾರು ಉರುಳಿದಾಗ ಓಡಿಸುತ್ತಿದ್ದವನು ಅವನೇ. ಟುಲ್ಲಿಯೊ ಉಳಿಯಲಿಲ್ಲ, ಒರೆಸ್ತೆಯ ಕಾಲು ಜಜ್ಜಿಹೋಯಿತು. "ಇನ್ನು ನನ್ನ ಕಣ್ಣೆದುರು ಬರಬೇಡ!" ಎಂದು ಆಸ್ಪತ್ರೆಯಲ್ಲಿ ಕಿರುಚಿದ್ದಳು. ಆಮೇಲೆ ಪಶ್ಚಾತ್ತಾಪಪಟ್ಟು ಕಾಗದ ಬರೆದರೆ, ಅವನು ಮನೆ ಬಿಟ್ಟು ಹೋಗಿದ್ದಾನೆಂದು ಅದು ವಾಪಸು ಬಂದಿತ್ತು.

ಕ್ಲೆಲಿಯಾ ತಿರುಗಿ ಮೇಲಕ್ಕೋಡಿದಳು.

"ಏನಮ್ಮಾ, ನಮ್ಮನ್ನ ಬಾವಿಗಿಳಿಸಿ ನೀನೆಲ್ಲಿಗೆ ಓಟ?" ಮಿಲಾನಿನ ಮುದುಕಿಯೊಬ್ಬಳು ಕೂಗಿದಳು.

"ಕೆಳಗೆ ಸೇತುವೆ ದಾಟಿ ಹತ್ತಿ ಬನ್ನಿ ಅಮ್ಮಾ, ದಾರಿ ತಪ್ಪಲ್ಲ!"

ಹತ್ತಿ ಬರುವವರ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಳು. ಸದ್ದು ಹತ್ತಿರವಾಯಿತು...

ಅವಳನ್ನು ಕಂಡದ್ದೇ ಒರೆಸ್ತೆ ತಲೆ ತಗ್ಗಿಸಿದ.

"ತಪ್ಪಾಯ್ತು. ನಿನಗೆ ಕಾಣಲ್ಲ ಅಂದ್ಕೊಂಡಿದ್ದೆ."

"ಪ್ರತಿ ವರ್ಷ ಕಂಡಿದೀಯ! ದೆವ್ವ ಅಂದ್ಕೊಂಡು ವಾರಗಟ್ಟಲೆ ನಿದ್ದೆ ಬಿಟ್ಟಿದೀನಿ ಕಣೋ! ಯಾಕೆ ಬರ್ತಿದ್ದೆ?"

"ಇವತ್ತೊಂದು ದಿನ ನಿನ್ನ ಧ್ವನಿ ಕೇಳದೆ ಇರಕ್ಕಾಗಲ್ಲ... ಬರಬೇಡ ಅಂದಿದ್ಯಲ್ಲ, ಅದಕ್ಕೇ ಎದುರಿಗೆ ಬರಲಿಲ್ಲ. ಟುಲ್ಲಿಯೊನ ಕೊಂದವನು ನಾನು, ಕ್ಲೆಲಿಯಾ."

"ಅಲ್ಲ!" ಯಾರ ಮುಂದೆಯೂ ಆಡದ ಮಾತು ಹೊರಬಂತು. "ಅವತ್ತು ಡಾಕ್ಟರು, ಒಬ್ಬನೇ ಉಳಿದಿದ್ದಾನೆ ಅಂದ್ರು. ಅದು ನೀನಾಗಿರಲಿ ಅಂತ ಬೇಡ್ಕೊಂಡೆ... ಒಡಹುಟ್ಟಿದವನನ್ನ ಮರೆತು! ಆ ನಾಚಿಕೆ ತಡೀದೆ ನಿನ್ನ ಮೇಲೆ ಕೂಗಿದ್ದು."

ಒರೆಸ್ತೆಯ ಕಣ್ಣು ತುಂಬಿತು. ಕೈ ಚಾಚಿದ. ಅವಳು ಹಿಡಿದುಕೊಂಡಳು. ಬೆಚ್ಚಗಿತ್ತು.

"ಅಮ್ಮ ಟುಲ್ಲಿಯೊನ ಸಮಾಧಿಗೆ ಸೇವಂತಿಗೆ ಇಡೋಕೆ ಹೋಗಿದಾಳೆ. ಬಾ, ನಾವೂ ಹೋಗೋಣ."

"ನನ್ನನ್ನ ನೋಡಿದ್ರೆ ಬೈತಾರೆ..."

"ಬೈದ್ರೆ ಇಬ್ರೂ ಬೈಸ್ಕೊಳ್ಳೋಣ. ನಡಿ."